ಪಾದ್ರಿ ಎಕೆಂಗರ ಗುನುಗು

ಏಳನೆಯ ಕಂತು

"ಇನ್ನೊಂದು ಸಲ ಹಾಕ್ತೀನಿ ಮ್ಮಾ. ಸಂಕಟ ಆದ್ರೆ ಹೇಳಿ, ನಿಲ್ಲಿಸ್ತೀನಿ," ಎಂದಳು ನಾಕಂಡಾ.

"ಸಂಕಟ ಏನು ಬಂತು? ಅಣ್ಣನ ದನಿ ತಾನೇ? ಹಾಕು," ಎಂದರು ಪಾದ್ರಿಗಳ ತಂಗಿ ಇನ್ಯಾಂಗ್. ಕೆಸುವಿನ ಗೆಡ್ಡೆ ತುರಿಯುತ್ತಿದ್ದ ಕೈ ನಿಲ್ಲಲಿಲ್ಲ.

ಬೋರಲು ಹಾಕಿದ ಬೋಗುಣಿಯ ಮೇಲೆ ಪುಟ್ಟ ಟೇಪ್ ರೆಕಾರ್ಡರ್ ಕೂತಿತ್ತು. ನಾಕಂಡಾ ಗುಂಡಿ ಒತ್ತಿದಳು. ಆರು ವಾರದ ಹಿಂದೆ ಕ್ಯಾಲಬಾರ್ ನದಿಯಲ್ಲಿ ದೋಣಿ ಮಗುಚಿ ಕಣ್ಮರೆಯಾದ, ಹೆಣವೂ ಸಿಗದ, ಎಪ್ಪತ್ತೊಂದು ವರ್ಷದ ಪಾದ್ರಿ ಎಕೆಂಗ್ ಅಂಗಳಕ್ಕೆ ಬಂದು ಮಾತಾಡತೊಡಗಿದರು.

"ಸಭೆಯ ಮಕ್ಕಳೇ... ನದೀದಂಡೆಯ ಜಾಗ, ಹಳೇ ಮಿಷನ್ ಬಂಗಲೆ, ಎರಡನ್ನೂ ಸೀಗಡಿ ಕಂಪನಿಗೆ ಬಿಟ್ಟುಕೊಡಿ. ಜಗಳ ಬೇಡ. ವಕೀಲ ಎಡೆಡೆಂ ಹೇಳಿದ ಹಾಗೆ ನಡೀರಿ. ಇದು ನನ್ನ ಇಷ್ಟ."

ಅದೇ ದನಿ. ಪ್ರತಿ ಮಾತಿಗೂ ಮೊದಲು ಒಂದು ಸಣ್ಣ ಉಸಿರು. ತುಂಬಿದ ಕೊಡವನ್ನು ತಲೆಗೆ ಏರಿಸಿಕೊಳ್ಳುವಾಗ ಬರುತ್ತದಲ್ಲ, ಅಂಥದ್ದು. ಎಸುಕ್ ಇಡಿಮ್ ಊರಿನ ಚರ್ಚಿನ ಮೂರು ತಲೆಮಾರು ಆ ಉಸಿರು ಕೇಳಿಕೊಂಡೇ ನಾಮಕರಣ ಮಾಡಿಸಿಕೊಂಡಿತ್ತು, ಮದುವೆಯಾಗಿತ್ತು, ಮಣ್ಣಿಗೆ ಹೋಗಿತ್ತು.

ಹೊರಗೆ ಹರ್ಮಟಾನ್ ಗಾಳಿಯ ಧೂಳು ಊರನ್ನೆಲ್ಲ ಬಿಳಿಯ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ನೂರು ಹೆಜ್ಜೆ ಆಚೆಗಿದ್ದ ನದಿ ಕಾಣುತ್ತಿರಲಿಲ್ಲ. ಲಾಂಚಿನ ಸಿಳ್ಳು ಮಾತ್ರ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಿತ್ತು. ಹೊಗೆ ಹಾಕಿದ ಮೀನಿನ ವಾಸನೆ ಬೇಲಿ ದಾಟಿ ಬಂದು ತಣ್ಣಗೆ ಅಂಗಳದಲ್ಲಿ ಕೂತಿತ್ತು.

ಆ ವಾಸನೆಯೇ ಇಡೀ ಜಗಳದ ಮೂಲ. ಚರ್ಚಿನ ನದೀದಂಡೆಯಲ್ಲಿ ಹೆಂಗಸರ ಹೊಗೆಗೂಡುಗಳಿದ್ದವು. ಅಜ್ಜಿಯರ ಕಾಲದಿಂದ ಅಲ್ಲೇ ಮೀನು ಒಣಗಿಸಿ, ಅಲ್ಲೇ ಮಾರಿ, ಮಕ್ಕಳನ್ನು ಓದಿಸಿದ್ದರು. ಈಗ ಅಲ್ಲಿ ಕಂಪನಿಯ ಐಸ್ ಕಾರ್ಖಾನೆ ಬರಬೇಕು. ಕಂಪನಿಯ ಅಧ್ಯಕ್ಷರು ಬ್ಯಾರಿಸ್ಟರ್ ಎಡೆಡೆಂ. ಚರ್ಚಿನ ಕಾನೂನು ಸಲಹೆಗಾರರೂ ಅವರೇ. ರಾಜ್ಯದ ಶಾಸನಸಭೆಯ ಸದಸ್ಯರೂ ಅವರೇ, ನಾಳೆ ಬೆಳಿಗ್ಗೆ ಹತ್ತಕ್ಕೆ ಪಕ್ಷ ಅವರನ್ನೇ ಗವರ್ನರ್ ಚುನಾವಣೆಗೆ ಅಭ್ಯರ್ಥಿ ಮಾಡಲಿತ್ತು. "ಆ ಮನುಷ್ಯ ತನ್ನ ಮೇಲೆ ತಾನೇ ದಾವೆ ಹಾಕಿ, ತಾನೇ ವಾದಿಸಿ, ತಾನೇ ಗೆದ್ದು, ಭಾನುವಾರ ತನಗೋಸ್ಕರ ತಾನೇ ಸ್ತೋತ್ರ ಹೇಳಬಲ್ಲ," ಎಂದು ಮೀನುಪೇಟೆಯಲ್ಲಿ ನಗುತ್ತಿದ್ದರು.

ಬದುಕಿರುವವರೆಗೂ ಪಾದ್ರಿ ಎಕೆಂಗ್ ಜಾಗ ಕೊಡುವುದಿಲ್ಲ ಎಂದೇ ಹೇಳಿದ್ದರು. ಅವರು ಮುಳುಗಿದ ಮೇಲೆ ಎಡೆಡೆಂ ಹಿರಿಯರ ಮಂಡಳಿಯ ಮುಂದೆ ಈ ಕ್ಯಾಸೆಟ್ ಇಟ್ಟರು. ಗಂಡಸರು ಕೇಳಿದರು, ಕಣ್ಣೊರೆಸಿಕೊಂಡರು, ತಲೆಯಾಡಿಸಿದರು. ಹೆಂಗಸರ ಸಂಘಕ್ಕೆ ಮಾತ್ರ ಗಂಟಲಲ್ಲಿ ಮುಳ್ಳು ಸಿಕ್ಕ ಹಾಗಾಯಿತು. ಅವರು ನಾಕಂಡಾಳ ಬಾಗಿಲು ತಟ್ಟಿದರು.

ಯಾಕೆ ಅವಳೇ ಎಂದರೆ, ಇಪ್ಪತ್ತನಾಲ್ಕು ವರ್ಷ ಹೈಕೋರ್ಟಿನಲ್ಲಿ ಶೀಘ್ರಲಿಪಿ ಬರೆದವಳು. ಸಾಕ್ಷಿಗಳ ಸುಳ್ಳು, ವಕೀಲರ ಸುತ್ತುಮಾತು, ನ್ಯಾಯಾಧೀಶರ ಆಕಳಿಕೆ ಎಲ್ಲವೂ ಅವಳ ಪೆನ್ಸಿಲ್ಲಿನ ಮೂಲಕ ಹಾದುಹೋಗಿತ್ತು. ಕೆಲಸ ಬಿಟ್ಟು ಐದು ವರ್ಷವಾದರೂ ಯಾರಾದರೂ ಮಾತಾಡಿದರೆ ಬಲಗೈಯ ಬೆರಳು ತೊಡೆಯ ಮೇಲೆ ತಾನಾಗಿ ಬರೆಯುತ್ತಿತ್ತು.

ಈಗಲೂ ಬರೆಯುತ್ತಿತ್ತು.

ಎಂಟು ಸಲ ಅವಳು ಮಾತುಗಳನ್ನು ಬರೆದಿದ್ದಳು. ಮಾತಿನ ನಡುವೆ ಪಾದ್ರಿಗಳು ಗುನುಗುವ ಕಡೆ ಒಂದು ಅಡ್ಡಗೀಟು ಹಾಕಿ ಮುಂದೆ ಹೋಗಿದ್ದಳು. ಅವರಿಗೆ ಗುನುಗುವ ಅಭ್ಯಾಸವಿತ್ತು; ಪ್ರಸಂಗದ ಮಧ್ಯೆ ಪುಟ ತಿರುವುವಾಗಲೂ ಗುನುಗುವರು. ಯಾರೂ ಅದಕ್ಕೆ ಕಿವಿ ಕೊಡುತ್ತಿರಲಿಲ್ಲ. ಒಂಬತ್ತನೆಯ ಸಲ ನಾಕಂಡಾ ಮಾತು ಬಿಟ್ಟಳು. ಅಡ್ಡಗೀಟಿನ ಹಿಂದೆ ಹೋದಳು.

'ಜಗಳ ಬೇಡ' ಎಂದಮೇಲೆ ಗುನುಗು ಬಂತು. ರಾಗ ಮೂರು ಮೆಟ್ಟಿಲು ಹತ್ತಿತು. ನಾಲ್ಕನೆಯದಕ್ಕೆ ಕಾಲಿಟ್ಟು, ಮೆಟ್ಟಿಲೇ ಇಲ್ಲದವರಂತೆ ಧುಪ್ಪೆಂದು ಕೆಳಗೆ ಬಿತ್ತು.

ನಾಕಂಡಾಳ ಬೆರಳು ನಿಂತುಹೋಯಿತು.

ಅವಳಿಗೆ ಆ ರಾಗ ಗೊತ್ತಿತ್ತು. ಊರಿಗೇ ಗೊತ್ತಿತ್ತು. *ದೋಣಿಯ ನೀನಿಟ್ಟುಕೋ ನದಿಯೇ, ಹುಟ್ಟು ನಮಗೆ ಕೊಡು.* ಪಾದ್ರಿಗಳ ದೋಣಿ ಮಗುಚಿದ ನಾಲ್ಕನೆಯ ದಿನ, ನದಿಯ ಮೆಟ್ಟಿಲ ಮೇಲೆ ಕೂತು ಇನ್ಯಾಂಗ್ ಕಟ್ಟಿದ ಶೋಕಗೀತೆ. ಮೊದಲ ಸಾಲು ಹಾಡುವಾಗ ನಾಲ್ಕನೆಯ ಸ್ವರಕ್ಕೆ ಅಳು ಬಂದು ದನಿ ಕುಸಿದಿತ್ತು. ಸುತ್ತ ಕೂತ ಹೆಂಗಸರು ಆ ಕುಸಿತವನ್ನೂ ರಾಗವೆಂದೇ ತಿಳಿದು ಎತ್ತಿಕೊಂಡರು. ಸ್ಮರಣೆಯ ಭಾನುವಾರ ಇಡೀ ಚರ್ಚು ಅದೇ ಜಾಗದಲ್ಲಿ ಕುಸಿಯಿತು. ನಾಕಂಡಾಳೂ ಕುಸಿದಿದ್ದಳು.

ದೋಣಿ ಮಗುಚುವ ಮುಂಚೆ ಆ ಹಾಡು ಭೂಮಿಯ ಮೇಲೆ ಇರಲಿಲ್ಲ.

"ಮ್ಮಾ, ಇದು ನಿಮ್ಮ ಹಾಡಲ್ವಾ?"

ತುರಿಯುವ ಸದ್ದು ನಿಂತಿತು. ಇನ್ಯಾಂಗರ ಬೆರಳ ತುದಿಯಿಂದ ಬಿಳಿಯ ರಸ ತೊಟ್ಟಿಕ್ಕಿತು. ಅರವತ್ತಾರು ವರ್ಷದ ಮುಖ. ಅದರ ಮೇಲೆ ಏನೋ ಒಂದು ನೆರಳು ಹಾದುಹೋಗಿದ್ದು ನಾಕಂಡಾಳಿಗೆ ಕಂಡಿತು, ನೀರಿನಡಿ ಮೀನು ಹೊರಳಿದಂತೆ.

"ಯಾವ ಹಾಡು?"

"ಈಗ ಗುನುಗಿದ್ರಲ್ಲ. ದೋಣಿಯ ನೀನಿಟ್ಟುಕೋ."

"ಅಯ್ಯೋ, ಅದಾ. ಅದು ಹಳೇ ಹಾಡು ಮಗಳೇ. ನಮ್ಮಮ್ಮ ಹಾಡ್ತಿದ್ಲು. ಅಣ್ಣ ಚಿಕ್ಕೋನಿದ್ದಾಗಿಂದ ಗುನುಗ್ತಾನೆ."

"ಆ ಬೀಳೋ ಜಾಗ ಸಮೇತಾನಾ?"

ಇನ್ಯಾಂಗ್ ಎಲೆಯೊಂದನ್ನು ಎತ್ತಿ, ತುರಿದದ್ದನ್ನು ಅದರಲ್ಲಿಟ್ಟು, ಬೆರಳಷ್ಟು ಸಣ್ಣ ಸುರುಳಿ ಸುತ್ತಿದರು. ಮಡಕೆಯ ತಳದಲ್ಲಿ ಇಟ್ಟರು. ಇನ್ನೊಂದು ಸುತ್ತಿದರು.

"ಎಕ್ಪಾಂಗ್ ತಿಂದೇ ಹೋಗು," ಎಂದರು ಕೊನೆಗೆ, ತಲೆ ಎತ್ತದೆ. "ಬೇಯೋಕೆ ಹೊತ್ತು ಹಿಡಿಯತ್ತೆ. ಒಂದು ಕಣ್ಣು ನಿದ್ದೆ ಮಾಡು. ಇಷ್ಟೆಲ್ಲ ಕೇಳಿ ಕೇಳಿ ಕಿವಿ ಸವೆದುಹೋಗತ್ತೆ."

ಸಾಕ್ಷಿಕಟ್ಟೆಯಲ್ಲಿ ಸುಳ್ಳು ಹೇಳುವವರು ಎರಡು ಬಗೆ. ಒಬ್ಬರು ನಿಮ್ಮ ಕಣ್ಣನ್ನೇ ನೋಡುತ್ತಾರೆ. ಇನ್ನೊಬ್ಬರು ನಿಮಗೆ ಊಟ ಹಾಕುತ್ತಾರೆ. ನಾಕಂಡಾ ರೆಕಾರ್ಡರನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟುಕೊಂಡಳು. ಈ ಹೆಂಗಸನ್ನು ಈಗ ಒತ್ತಿ ಕೇಳಿದರೆ ಬಾಯಿ ಇನ್ನೂ ಬಿಗಿಯಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಸಂಜೆ ಬಂದು ತಿಂತೀನಿ ಮ್ಮಾ. ನನ್ನ ಪಾಲು ಎತ್ತಿಡಿ."

"ಎಲ್ಲಿಗೆ ಹೊರಟೆ ಈ ಬಿಸಿಲಲ್ಲಿ?"

ಬಿಸಿಲೇ ಇರಲಿಲ್ಲ. ಸೂರ್ಯ ಹಾಲಿನ ಬಟ್ಟಲಿನಲ್ಲಿ ಬಿದ್ದ ನಾಣ್ಯದ ಹಾಗೆ ಮಸುಕಾಗಿ ಎಲ್ಲೋ ತೇಲುತ್ತಿದ್ದ.

*

ಎಡೆಡೆಂ ಅವರ ಮನೆ ಗುಡ್ಡದ ಮೇಲಿತ್ತು. ನಾಕಂಡಾ ನಡೆದೇ ಹೋದಳು. ಧೂಳುಮಂಜಿನೊಳಗಿಂದ ಒಂದೊಂದೇ ಜನ ಮೂಡಿ, "ಮ್ಮಾ, ಚೆನ್ನಾಗಿದ್ದೀರಾ," ಎಂದು, ಮತ್ತೆ ಕರಗಿಹೋಗುತ್ತಿದ್ದರು. ಕನಸಿನಲ್ಲಿ ಪರಿಚಯದವರು ಬಂದು ಹೋಗುವಂತೆ.

ಅವಳ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಪಾದ್ರಿ ತಮ್ಮದೇ ಶೋಕಗೀತೆ ಗುನುಗಿದ್ದಾರೆ. ಅಂದರೆ ಆ ಹಾಡು ಹುಟ್ಟಿದ ಮೇಲೆ ಅವರು ಬದುಕಿದ್ದರು. ಎಲ್ಲೋ ಕೂತು ಅದನ್ನು ಕೇಳಿಸಿಕೊಂಡಿದ್ದರು. ಆಮೇಲೆ ಯಾರೋ ಅವರ ಮುಂದೆ ರೆಕಾರ್ಡರ್ ಇಟ್ಟಿದ್ದರು.

ಯಾರು?

ಅದನ್ನು ಅವಳು ಯಾರನ್ನು ಕೇಳಬೇಕೋ ಆ ಮನುಷ್ಯ ಒಂದು ಕಾಲದಲ್ಲಿ ಅವಳ ಮಾನ ಉಳಿಸಿದ್ದರು. ಕೆಲಸಕ್ಕೆ ಸೇರಿದ ಮೊದಲ ವಾರ, ತುಂಬಿದ ಕೋರ್ಟಿನಲ್ಲಿ, ಅವಳ ಪೆನ್ಸಿಲ್ ಮುರಿದು ಅರ್ಧ ಪುಟದ ವಾದ ತಪ್ಪಿಹೋಗಿತ್ತು. ಅವಳ ಮುಖ ನೋಡಿದ ತರುಣ ವಕೀಲ ಎಡೆಡೆಂ ಜೋರಾಗಿ ಕೆಮ್ಮಿದರು. "ಕ್ಷಮಿಸಿ ಸ್ವಾಮಿ, ಗಂಟಲು ಕಟ್ಟಿತು, ಮೊದಲಿನಿಂದ ಹೇಳ್ತೀನಿ," ಎಂದು ಎಲ್ಲವನ್ನೂ ನಿಧಾನವಾಗಿ ಇನ್ನೊಮ್ಮೆ ಹೇಳಿದರು. ಆಮೇಲೆ ಅದರ ಸುದ್ದಿಯನ್ನೇ ಅವರು ಎತ್ತಲಿಲ್ಲ. ಅವಳು ಮರೆಯಲೂ ಇಲ್ಲ.

ಗೇಟಿನವನು ಬೆಂಚಿನ ಮೇಲೆ ನಿದ್ದೆ ಹೋಗಿದ್ದ. ನಾಯಿಯೂ ಮಲಗಿತ್ತು. ಜಗಲಿಯ ಮುಂದೆ ಚಪ್ಪಲಿ, ಬೂಟುಗಳ ರಾಶಿ.

ಒಳಗೆ ಕಾಲಿಟ್ಟ ನಾಕಂಡಾ ಅಲ್ಲೇ ನಿಂತಳು.

ದೊಡ್ಡ ಹಜಾರದ ತುಂಬ ಗಂಡಸರು ಮಲಗಿದ್ದರು. ಸೋಫಾದ ಮೇಲೆ, ಕುರ್ಚಿಗಳಲ್ಲಿ, ಚಾಪೆಗಳ ಮೇಲೆ, ಒಬ್ಬರ ತೊಡೆಗೆ ಇನ್ನೊಬ್ಬರು ತಲೆ ಇಟ್ಟು. ನಾಳೆ ಮತ ಹಾಕಬೇಕಾದ ಪಕ್ಷದ ಪ್ರತಿನಿಧಿಗಳು. ಎದುರು ಬಣದವರು ಎಳೆದುಕೊಂಡು ಹೋಗದಿರಲಿ ಎಂದು ಮೂರು ದಿನದಿಂದ ಇಲ್ಲೇ ಇಟ್ಟು ತಿನ್ನಿಸುತ್ತಿದ್ದರು. ಆಡಿನ ಮಾಂಸ, ಸೊಪ್ಪಿನ ಸಾರು, ತಾಳೆಹೆಂಡ ಎಲ್ಲ ಸೇರಿ ಅವರನ್ನು ಕೆಡವಿ ಹಾಕಿತ್ತು. ಎಲ್ಲರ ಎದೆಯ ಮೇಲೂ ಹಸಿರು ಬಿಲ್ಲೆ. ಕೆಲವರು ಮುಖಕ್ಕೆ ಟೋಪಿ, ಕೆಲವರು ಕರವಸ್ತ್ರ ಮುಚ್ಚಿಕೊಂಡಿದ್ದರು. ಎಷ್ಟೋ ಜನರ ಉಸಿರು ಒಟ್ಟಾಗಿ ಏರಿ ಇಳಿಯುತ್ತಿತ್ತು. ಮನೆಯೇ ಒಂದು ದೊಡ್ಡ ಪ್ರಾಣಿಯಾಗಿ ನಿದ್ದೆ ಮಾಡುತ್ತಿದ್ದ ಹಾಗಿತ್ತು.

ಅವರೆಲ್ಲರ ಆಚೆ, ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ, ಒಬ್ಬರು ಮಾತ್ರ ಎಚ್ಚರವಿದ್ದರು. ಬಿಳಿಯ ಉದ್ದ ಅಂಗಿ, ಸೊಂಟಕ್ಕೆ ಕಟ್ಟಿದ ಜರಿಯಂಚಿನ ಪಂಚೆ, ಮಂಡಿಗೆ ಒರಗಿಸಿದ ಕೋಲು. ಬ್ಯಾರಿಸ್ಟರ್ ಎಡೆಡೆಂ ಬೆರಳು ತುಟಿಗಿಟ್ಟು, ಬನ್ನಿ ಎಂದು ಕಣ್ಣಲ್ಲೇ ಕರೆದರು.

ನಾಕಂಡಾ ಕಾಲುಗಳ, ಕೈಗಳ ನಡುವೆ ಜಾಗ ಹುಡುಕುತ್ತ ದಾಟಿ ಹೋದಳು.

"ಊಟಕ್ಕೆ ಬರ್ತೀರಿ ಅಂದ್ಕೊಂಡಿದ್ದೆ," ಎಂದು ಪಿಸುಗುಟ್ಟಿದರು. "ಮೂಳೇನೂ ಉಳೀಲಿಲ್ಲ."

"ನಾನು ತಿನ್ನೋಕೆ ಬಂದಿಲ್ಲ ಎಟೆ," ಎಂದಳು ನಾಕಂಡಾ, ಊರಿನ ಹಿರಿಯರನ್ನು ಕರೆಯುವ ಗೌರವದಲ್ಲಿ.

"ಗೊತ್ತು. ನೀವು ಯಾವತ್ತೂ ಬರೆಯೋಕೇ ಬರೋದು. ಮೆಲ್ಲಗೆ ಮಾತಾಡಿ. ಇವರನ್ನ ಮಲಗಿಸೋಕೆ ನನಗೆ ಮೂರು ದಿನ ಹಿಡೀತು."

ಅವಳು ಎದುರಿನ ಸ್ಟೂಲಿನ ಮೇಲೆ ಕೂತಳು. ಬುಟ್ಟಿಯಿಂದ ಪುಸ್ತಕ ತೆಗೆದಳು.

"ನೀವು ಹಿರಿಯರ ಮಂಡಳಿಗೆ ಹೇಳಿದ್ದನ್ನ ಓದ್ತೀನಿ. ತಪ್ಪಿದ್ರೆ ತಿದ್ದಿ. 'ನವೆಂಬರ್ ಕೊನೇ ಗುರುವಾರ, ಸಂಜೆ ನಾಲ್ಕಕ್ಕೆ, ನನ್ನ ಕಚೇರಿಯಲ್ಲಿ, ನನ್ನ ಕಣ್ಣೆದುರಿಗೇ ಪಾದ್ರಿಗಳು ಇದನ್ನು ಹೇಳಿದರು. ನಾನೇ ಗುಂಡಿ ಒತ್ತಿದೆ.' ಸರೀನಾ?"

"ಮಂಡಳಿಯ ಕಾರ್ಯದರ್ಶಿ ನಿಮಗೆ ನಡಾವಳಿ ತೋರಿಸಿದ್ನಾ?"

"ಕ್ಯಾಸೆಟ್ಟಿನ ನಕಲನ್ನೂ ಮಾಡಿಕೊಟ್ರು. ಅವರ ಹೆಂಡತಿಗೂ ಅಲ್ಲಿ ಒಂದು ಹೊಗೆಗೂಡಿದೆ."

ಎಡೆಡೆಂ ಸದ್ದಿಲ್ಲದೆ ನಕ್ಕರು. ಹೊಟ್ಟೆ ಮಾತ್ರ ಕುಲುಕಿತು. "ನೋಡಿ ನಾಕಂಡಾ. ನಿಮ್ಮ ಹೆಂಗಸರ ಕಣ್ಣು ನೋಡಿದ್ದೀರಾ? ನಲವತ್ತಕ್ಕೇ ಪೊರೆ ಬಂದಿರತ್ತೆ, ಹೊಗೆಗೆ. ಐಸ್ ಕಾರ್ಖಾನೆ ಬಂದ್ರೆ ಯಾರೂ ಬೆಂಕಿ ಮುಂದೆ ಕೂರಬೇಕಾಗಿಲ್ಲ. ಕೆಲಸ ಕೊಡ್ತೀನಿ, ಬರಹದಲ್ಲೇ ಕೊಟ್ಟಿದ್ದೀನಿ. ಈ ಚರ್ಚಿನ ಶಾಲೇನ ಸರ್ಕಾರದಿಂದ ವಾಪಸ್ ತಂದೋನು ಯಾರು? ನಾನು. ಕಂಪನಿಯಿಂದ ನನಗೆ ಬರೋದು ಬರಲಿ. ಆದ್ರೆ ಅವರಿಗೂ ಬರತ್ತೆ."

"ಅದನ್ನ ಅವರನ್ನ ಕೇಳಿದ್ರಾ?"

"ಕೇಳಿದ್ರೆ ಬೇಡ ಅಂತಿದ್ರು."

"ಅದಕ್ಕೇ ಸತ್ತವರನ್ನ ಕೇಳಿದ್ರಿ."

ಅವರ ನಗು ಆರಿತು. ಚಾಪೆಯ ಮೇಲಿದ್ದ ದಪ್ಪ ಮನುಷ್ಯನೊಬ್ಬ ನಿದ್ದೆಯಲ್ಲೇ "ಬೆಂಬಲವಿದೆ, ಬೆಂಬಲವಿದೆ" ಎಂದು ಗೊಣಗಿ ಮಗ್ಗುಲು ಬದಲಾಯಿಸಿದ. ಇಬ್ಬರೂ ಅವನು ಸುಮ್ಮನಾಗುವವರೆಗೆ ಕಾದರು.

"ನಿಮ್ಮ ಕಚೇರೀಲಿ ಫ್ಯಾನಿದೆ. ನವೆಂಬರಲ್ಲಿ ಅದು ನಿಲ್ಲಲ್ಲ. ಇದ್ರಲ್ಲಿ ಫ್ಯಾನಿನ ಸದ್ದೇ ಇಲ್ಲ," ಎಂದಳು ನಾಕಂಡಾ.

"ಕರೆಂಟ್ ಹೋಗಿತ್ತು. ಈ ಊರಲ್ಲಿ ಕರೆಂಟ್ ಇದ್ರೆ ತಾನೇ ಸುದ್ದಿ?"

"ಸರಿ. ಹಾಗಾದ್ರೆ ಇದನ್ನ ಕೇಳಿ."

ಅವಳು ರೆಕಾರ್ಡರನ್ನು ಅವರ ಕಿವಿಯ ಹತ್ತಿರ ಹಿಡಿದು, ದನಿ ತಗ್ಗಿಸಿ, ಗುಂಡಿ ಒತ್ತಿದಳು. ಪಾದ್ರಿಗಳು ಪಿಸುಮಾತಿನಲ್ಲಿ 'ಜಗಳ ಬೇಡ' ಎಂದರು. ಗುನುಗಿದರು. ಹತ್ತಿದರು, ಹತ್ತಿದರು, ಬಿದ್ದರು.

ಎಡೆಡೆಂ ಅವರ ಮುಖದಲ್ಲಿ ಮೊದಲು ಏನೂ ಆಗಲಿಲ್ಲ. ಮಾತುಗಳನ್ನು ಅವರು ಎಷ್ಟೋ ಸಲ ಕೇಳಿದ್ದರು. ಆಮೇಲೆ ಎಡಗೈ ನಿಧಾನವಾಗಿ ಮೇಲೆದ್ದು, ಅವಳ ಕೈಯಿಂದ ರೆಕಾರ್ಡರ್ ತೆಗೆದುಕೊಂಡಿತು. ಸುರುಳಿ ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಹಾಕಿದರು. ಮತ್ತೊಮ್ಮೆ.

ನಾಕಂಡಾ ಅವರನ್ನೇ ನೋಡುತ್ತಿದ್ದಳು. ಸಿಕ್ಕಿಬಿದ್ದವರ ಮುಖ ಅವಳು ಸಾವಿರ ನೋಡಿದ್ದಳು. ಇದು ಅದಲ್ಲ. ಇದು ಖಾಲಿ ಮನೆಯಲ್ಲಿ ಯಾರೋ ಕೆಮ್ಮಿದ್ದನ್ನು ಕೇಳಿದವರ ಮುಖ.

"ಇದು ಇನ್ಯಾಂಗರ ಹಾಡು," ಎಂದರು ಎಡೆಡೆಂ. ಪಿಸುಮಾತು ಒಣಗಿಹೋಗಿತ್ತು. "ಸ್ಮರಣೆಯ ದಿನ ಹಾಡಿದ್ದು. ನಾನು ಮುಂದಿನ ಸಾಲಲ್ಲೇ ಇದ್ದೆ. ಅಳು ಹೊರಗೆ ಬರದ ಹಾಗೆ ಟೋಪಿಯ ಅಂಚು ಕಚ್ಚಿ ಹಿಡಿದಿದ್ದೆ."

"ನೋಡಿದ್ದೆ."

"ಅಬಾಸಿ ಮ್ಬೋಕ್," ಎಂದರು. ದೇವರೇ ಕಾಪಾಡು ಎಂದು ಆ ಊರಿನವರು ಹೇಳುವ ಮಾತು; ಅವರ ಬಾಯಲ್ಲಿ ಅದು ಬಂದದ್ದನ್ನು ಅವಳು ಮೊದಲ ಸಲ ಕೇಳಿದಳು. "ಹಾಗಾದ್ರೆ ಅವರು ಬದುಕಿದ್ದಾರಾ?"

"ಅದನ್ನ ನೀವು ಹೇಳಬೇಕು ಎಟೆ. ಗುಂಡಿ ಒತ್ತಿದೋರು ನೀವು."

ಅವರು ಕಿಟಕಿಯಾಚೆಯ ಬಿಳುಪನ್ನು ನೋಡಿದರು. ಅಲ್ಲಿ ನೋಡಲು ಏನೂ ಇರಲಿಲ್ಲ. ಎಲ್ಲಿಂದಲೋ ಲಾಂಚು ಕೂಗಿತು.

"ನಾನು ಒತ್ತಲಿಲ್ಲ," ಎಂದರು. "ಗುರುವಾರ ಅನ್ನೋದೂ ಇಲ್ಲ, ಕಚೇರಿ ಅನ್ನೋದೂ ಇಲ್ಲ. ಕ್ಯಾಸೆಟ್ ನನ್ನ ಕೈಗೆ ಬಂದದ್ದು ಕ್ರಿಸ್ಮಸ್ ಆದಮೇಲೆ. ಸಾಯೋಕೆ ಮುಂಚೆ ಯಾವಾಗಲೋ ಹೇಳಿರ್ತಾರೆ, ಮನಸ್ಸು ಬದಲಾಯಿಸಿರ್ತಾರೆ ಅಂದ್ಕೊಂಡೆ. ನಂಬೋಕೆ ನನಗೂ ಇಷ್ಟ ಇತ್ತು. ಆದ್ರೆ ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಸಾಕ್ಷಿ ಅನಾಥ ಮಗು ಇದ್ದ ಹಾಗೆ. ಯಾರೂ ಒಳಗೆ ಬಿಟ್ಟುಕೊಳ್ಳಲ್ಲ. ಅದಕ್ಕೆ ಒಬ್ಬ ಅಪ್ಪ ಬೇಕಿತ್ತು. ನಾನಾದೆ."

ಅವಳ ಬೆರಳು ತೊಡೆಯ ಮೇಲೆ ಎಲ್ಲವನ್ನೂ ಬರೆಯುತ್ತಿತ್ತು. ಅವರು ಅದನ್ನು ನೋಡಿದರು.

"ನಿಲ್ಲಿಸಿ ನಾಕಂಡಾ."

"ಇವತ್ತು ಸಂಜೆ ಪ್ರಾರ್ಥನೆ ಇದೆ. ಹಿರಿಯರೆಲ್ಲ ಇರ್ತಾರೆ. ಈಗ ಹೇಳಿದ್ದನ್ನ ಅಲ್ಲಿ ಹೇಳಿ. ಅಷ್ಟೇ ನಾನು ಕೇಳೋದು."

"ನಾಳೆ ಹತ್ತು ಗಂಟೆ ಕಳೀಲಿ."

"ಇವತ್ತು."

"ಇವರಲ್ಲಿ ಅರ್ಧ ಜನ ಎಸುಕ್ ಇಡಿಮ್ ಚರ್ಚಿನ ಎಡೆಡೆಂ ಅಂತ ಬಂದೋರು. ಚರ್ಚಿಗೇ ಸುಳ್ಳು ಹೇಳಿದೋನು ಅಂತ ಗೊತ್ತಾದ್ರೆ ಸಂಜೆ ಹೊತ್ತಿಗೆ ಈ ಹಜಾರ ಖಾಲಿ. ಮೂವತ್ತು ವರ್ಷ ಕಟ್ಟಿದ್ದು." ಅವರು ಮುಂದಕ್ಕೆ ಬಾಗಿದರು. ಕಣ್ಣಲ್ಲಿ ಹಳೆಯ ತರುಣ ವಕೀಲ ಒಮ್ಮೆ ಇಣುಕಿದ. "ಒಂದು ಸಲ ನಾನು ನಿಮಗೋಸ್ಕರ ಕೆಮ್ಮಿದ್ದೆ. ನೆನಪಿದೆಯಾ?"

ಮೂವತ್ತು ವರ್ಷದಲ್ಲಿ ಮೊದಲ ಸಲ ಅವರು ಆ ಮಾತು ಎತ್ತಿದ್ದರು.

"ಇದೆ."

"ಈಗ ನನಗೋಸ್ಕರ ನೀವು ಕೆಮ್ಮಿ. ಒಂದೇ ದಿನ."

ಕೊಡಬೇಕು ಎಂದು ಒಂದು ಗಳಿಗೆ ಅವಳಿಗೆ ಅನ್ನಿಸಿತು. ಕೊಟ್ಟು, ಎದ್ದು ಹೋಗಿ, ಇನ್ಯಾಂಗರ ಅಂಗಳದಲ್ಲಿ ಎಕ್ಪಾಂಗ್ ತಿಂದು ಮಲಗಿಬಿಡಬೇಕು. ಈ ಮನೆಯ ನಿದ್ದೆ ಅಂಟುರೋಗದಂತೆ ರೆಪ್ಪೆಗಳ ಮೇಲೆ ಕೂರುತ್ತಿತ್ತು.

"ಆವತ್ತು ನೀವು ಕೆಮ್ಮಿದ್ದು ತಪ್ಪಿಹೋದ ಮಾತು ನಾನು ಮತ್ತೆ ಬರೀಲಿ ಅಂತ," ಎಂದಳು. "ಇವತ್ತು ಕೇಳ್ತಿರೋದು ಬರೆದ ಮಾತನ್ನ ಬಿಟ್ಟುಬಿಡು ಅಂತ. ಎರಡೂ ಒಂದೇ ಅಲ್ಲ ಎಟೆ. ನಿಮಗೂ ಗೊತ್ತು."

ಎಡೆಡೆಂ ಕೋಲಿನ ತುದಿಯನ್ನು ನೆಲಕ್ಕೆ ಒತ್ತಿದರು. ಒಂದು ಸಲ ಅವರ ಮುಖದಲ್ಲಿ ಸಿಟ್ಟು ಬಂತು, ನಿಲ್ಲಲು ಜಾಗ ಸಿಗದೆ ಹೋಯಿತು.

"ಕ್ಯಾಸೆಟ್ ಯಾರು ತಂದದ್ದು?" ಎಂದು ಕೇಳಿದಳು.

"ಕೇಳಬೇಡಿ. ನಿಮಗೆ ನೋವಾಗತ್ತೆ."

"ಯಾರು?"

"ಇನ್ಯಾಂಗ್."

ಎಲೆ ಸುತ್ತುತ್ತಿದ್ದ ಬೆರಳುಗಳು ನಾಕಂಡಾಳ ಕಣ್ಣ ಮುಂದೆ ಬಂದವು. ಅಳುವಿನಿಂದ ಹುಟ್ಟಿದ ರಾಗವನ್ನು ಅಮ್ಮನ ಹಾಡೆಂದ ಬಾಯಿ ನೆನಪಾಯಿತು. ಆ ಜಾಗ ಹೋದರೆ ಮೊದಲು ಹೋಗುವುದೇ ಇನ್ಯಾಂಗರ ಹೊಗೆಗೂಡು.

"ಒಣಮೀನಿನ ಬುಟ್ಟಿ ತಲೆ ಮೇಲೆ ಹೊತ್ಕೊಂಡು ಹಿಂದಿನ ಬಾಗಿಲಿಗೆ ಬಂದ್ರು," ಎಂದರು ಎಡೆಡೆಂ. "ಮೀನಿನ ಕೆಳಗೆ ಕ್ಯಾಸೆಟ್. 'ಅಣ್ಣನ ಮಾತು ಇದ್ರಲ್ಲಿದೆ, ನಿನಗೆ ಬೇಕಾಗಿರೋದೇ ಇದೆ' ಅಂದ್ರು. ಬದಲಿಗೆ ಏನು ಬೇಕು ಮ್ಮಾ ಅಂದೆ. ಹೊಗೆಗೂಡು ಉಳಿಸು ಅಂತಾರೆ ಅಂದ್ಕೊಂಡೆ. ಅದನ್ನ ಕೇಳಲೇ ಇಲ್ಲ."

"ಮತ್ತೇನು ಕೇಳಿದ್ರು?"

"ಒಂದು ಹೆಸರು ಸೇರಿಸು ಅಂದ್ರು. ಪಕ್ಷದ ಪ್ರತಿನಿಧಿಗಳ ಪಟ್ಟೀಲಿ. ನದಿಯ ಮೇಲ್ಗಡೆ ಯಾವುದೋ ಹಳ್ಳಿಯೋನು. 'ಅವನೂ ಒಂದು ಸಲ ದೊಡ್ಡೋರ ಮಧ್ಯೆ ಕೂರಲಿ, ಅವನ ಹೆಸರನ್ನೂ ಯಾರಾದ್ರೂ ಜೋರಾಗಿ ಕೂಗಲಿ' ಅಂದ್ರು. ನನಗೆ ವಿಚಿತ್ರ ಅನ್ನಿಸ್ತು. ಆದ್ರೆ ಒಂದು ಹೆಸರು ತಾನೇ? ಯಾರು ಏನು ಅಂತ ಕೇಳಲಿಲ್ಲ. ಸೇರಿಸಿದೆ."

"ಏನು ಹೆಸರು?"

"ಅಷ್ಟು ಜನರಲ್ಲಿ ಯಾರು ನೆನಪಿಟ್ಕೋತಾರೆ?" ಎಂದರೂ ಅವರು ಅಂಗಿಯ ಜೇಬಿನಿಂದ ಮಡಿಸಿದ ಹಾಳೆ ತೆಗೆದರು. ಕನ್ನಡಕ ಏರಿಸಿ ಬೆರಳು ಇಳಿಸುತ್ತ ಹೋದರು. ಎರಡನೆಯ ಪುಟದ ಕೆಳಗೆ, ಟೈಪು ಮಾಡಿದ ಸಾಲುಗಳ ನಡುವೆ ಇಂಕಿನಲ್ಲಿ ಬರೆದು ಸೇರಿಸಿದ ಒಂದು ಸಾಲಿತ್ತು. ಬೆರಳು ಅಲ್ಲಿ ನಿಂತಿತು.

"ಎಸಿಯೆನ್," ಎಂದು ಓದಿದರು. ತುಟಿ ಸ್ವಲ್ಪ ತೆರೆದೇ ಉಳಿಯಿತು. "ಎಸಿಯೆನ್ ಎಕೆಂಗ್."

ಆ ಊರಿನಲ್ಲಿ ಮಗನ ಹೆಸರಿನ ಬೆನ್ನಿಗೆ ಬರುವುದು ಅಪ್ಪನ ಹೆಸರು.

"ಎಕೆಂಗ್ ಅನ್ನೋರು ಈ ರಾಜ್ಯದಲ್ಲಿ ಎಷ್ಟೋ ಜನ ಇದ್ದಾರೆ," ಎಂದರು ಎಡೆಡೆಂ ತಡೆದು ತಡೆದು, ತಮಗೇ ಹೇಳಿಕೊಳ್ಳುವಂತೆ. "ಪಾದ್ರಿಗಳಿಗೆ ಮದುವೇನೇ ಆಗಿರಲಿಲ್ಲ. ದೇವರ ಕೆಲಸಕ್ಕೇ ಅಂತ ಉಳಿದೋರು. ಇಡೀ ಊರಿಗೆ ಗೊತ್ತು."

"ಇಡೀ ಊರಿಗೆ," ಎಂದಳು ನಾಕಂಡಾ. "ಅವರ ತಂಗಿಗೆ?"

ಎಡೆಡೆಂ ಕನ್ನಡಕ ತೆಗೆದು, ಇಂಕಿನ ಆ ಸಾಲನ್ನು ಮತ್ತೊಮ್ಮೆ ಬೆರಳಿನಿಂದ ಮುಟ್ಟಿದರು.

ಅವಳ ಬೆನ್ನ ಹಿಂದೆ, ಮಲಗಿದವರ ಸಾಲಿನಲ್ಲಿ, ಚಾಪೆ ಸರಿದ ಸದ್ದಾಯಿತು. ಯಾರೋ ಎದ್ದು ಕೂತರು. ಆಮೇಲೆ ಒಂದು ಸಣ್ಣ ಉಸಿರು ಕೇಳಿಸಿತು. ತುಂಬಿದ ಕೊಡವನ್ನು ತಲೆಗೆ ಏರಿಸಿಕೊಳ್ಳುವಂಥದ್ದು.

"ಮ್ಮಾ... ಕುಡಿಯೋಕೆ ಸ್ವಲ್ಪ ನೀರು ಸಿಗತ್ತಾ?"

ರೆಕಾರ್ಡರ್ ಎಡೆಡೆಂ ಅವರ ಮಡಿಲಲ್ಲಿತ್ತು. ಅದರ ಸುರುಳಿ ತಿರುಗುತ್ತಿರಲಿಲ್ಲ.

ನಾಕಂಡಾ ತಿರುಗಿ ನೋಡಿದಳು. ಮುಖದಿಂದ ಜಾರಿದ ಕರವಸ್ತ್ರವನ್ನು ಕೈಯಲ್ಲಿ ಹಿಡಿದು, ನಿದ್ದೆಗಣ್ಣಿನಲ್ಲಿ ಅವಳನ್ನೇ ನೋಡುತ್ತ ಒಬ್ಬ ಕೂತಿದ್ದ. ಎದೆಯ ಮೇಲೆ ಹಸಿರು ಬಿಲ್ಲೆ. ಅವಳು ಎಂದೂ ನೋಡಿರದ ಮನುಷ್ಯ.

ಆ ದನಿಗೆ ಎಪ್ಪತ್ತೊಂದು ವರ್ಷ. ಆ ಮುಖಕ್ಕೆ ಇನ್ನೂ ಮೂವತ್ತು ತುಂಬಿರಲಿಲ್ಲ.